ವಿಭಾಗ ಪತ್ರದಲ್ಲಿ ಅಪ್ಪ–ಅಮ್ಮನಿಗೂ ಒಂದು ಷೆಡ್ಯೂಲ್ ಇರಲಿ

ಮಾನ್ಯ ಸಂಪಾದಕರೇ,

ಕೂಡುಕುಟುಂಬ ಒಡೆದುಹೋಯಿತು, ಮಕ್ಕಳು ಬದಲಾದರು ಎಂಬ ಕೊರಗಿನ ಪತ್ರಗಳು ವಾಚಕರ ಅಂಕಣಗಳಲ್ಲಿ ಆಗಾಗ ಬರುತ್ತವೆ. ಕೊರಗು ನಿಜವೇ. ಆದರೆ ಮನೆ ಒಡೆಯುವಾಗ ಕಾಗದದ ಮೇಲೆ ಏನು ಬರೆದರು, ಏನನ್ನು ಬಿಟ್ಟರು ಎಂಬುದನ್ನು ಬಿಡಿಸಿ ಹೇಳುವವರು ಕಡಿಮೆ. ಒಲೆ ಬೇರೆಯಾಗಿ ಇಪ್ಪತ್ತು ವರ್ಷವಾದರೂ ಪಹಣಿ ಇನ್ನೂ ತೀರಿಹೋದ ತಾತನ ಹೆಸರಿನಲ್ಲೇ ಇರುವ ಮನೆಗಳು ಪ್ರತಿ ಊರಿನಲ್ಲೂ ಇವೆ. ಇದಕ್ಕೆ ತದ್ವಿರುದ್ಧವಾಗಿ, ಇದ್ದಬದ್ದ ಜಮೀನು, ಮನೆ ಎಲ್ಲವನ್ನೂ ಒಂದೇ ದಿನ ಮಕ್ಕಳಿಗೆ ಬರೆದುಕೊಟ್ಟು, ತಮ್ಮ ಹೆಸರಿಗೆ ಒಂದು ಗುಂಟೆಯನ್ನೂ ಉಳಿಸಿಕೊಳ್ಳದ ಹಿರಿಯರೂ ಇದ್ದಾರೆ. ಮೊದಲನೆಯ ತಪ್ಪನ್ನು ಪೌತಿ ಖಾತೆ ಮಾಡಿಸಿ, ಅಂದರೆ ತೀರಿಹೋದವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸಿ, ಸರಿಪಡಿಸಬಹುದು. ಎರಡನೆಯದು ಆದಮೇಲೆ ಸರಿಪಡಿಸುವುದು ಬಹಳ ಕಷ್ಟ. ಈ ಪತ್ರ ಅದರ ಬಗ್ಗೆ.

ಹಳೇ ಮೈಸೂರು ಸೀಮೆಯಲ್ಲಿ ಪಾಲು ಪಾರಿಕತ್ತು ಎನ್ನುವ, ನೋಂದಣಿ ಕಚೇರಿಯಲ್ಲಿ ವಿಭಾಗ ಪತ್ರ ಎನ್ನುವ ದಸ್ತಾವೇಜನ್ನು ಒಮ್ಮೆ ಬಿಚ್ಚಿ ನೋಡಿ. ಯಾರ ಪಾಲಿಗೆ ಯಾವ ಆಸ್ತಿ ಎಂಬ ಪಟ್ಟಿಯೇ ಷೆಡ್ಯೂಲ್. ಎ ಷೆಡ್ಯೂಲ್ ದೊಡ್ಡ ಮಗನಿಗೆ, ಬಿ ಷೆಡ್ಯೂಲ್ ಎರಡನೆಯವನಿಗೆ, ಸಿ ಷೆಡ್ಯೂಲ್ ಚಿಕ್ಕವನಿಗೆ. ಸರ್ವೆ ನಂಬರ್, ಹಿಸ್ಸಾ, ಎಕರೆ–ಗುಂಟೆ, ಚಕ್ಕುಬಂದಿ ಎಲ್ಲ ಅಚ್ಚುಕಟ್ಟಾಗಿರುತ್ತದೆ. ಪಂಪ್‌ಸೆಟ್ ಯಾರಿಗೆ, ಬಣವೆ ಹಾಕುವ ಜಾಗ ಯಾರಿಗೆ ಎಂಬುದನ್ನೂ ಬರೆದಿರುತ್ತಾರೆ. ಕೊನೆಯ ಪುಟದಲ್ಲಿ, ಸಾಕ್ಷಿಗಳ ಸಹಿಗೆ ಸ್ವಲ್ಪ ಮೇಲೆ, ಒಂದು ಸಾಲು ಸಿಗುತ್ತದೆ: "ತಂದೆ ತಾಯಿಯವರನ್ನು ಗಂಡುಮಕ್ಕಳು ಚೆನ್ನಾಗಿ ನೋಡಿಕೊಳ್ಳತಕ್ಕದ್ದು." ಚೆನ್ನಾಗಿ ಎಂದರೆ ಎಷ್ಟು? ಯಾವ ಮಗ? ಯಾರ ಮನೆಯಲ್ಲಿ? ಆಸ್ಪತ್ರೆಯ ಬಿಲ್ ಬಂದರೆ ಯಾರ ಜೇಬಿನಿಂದ? ಹಸುವಿನ ಕೊಟ್ಟಿಗೆಗೆ ನಾಲ್ಕು ದಿಕ್ಕಿನ ಚಕ್ಕುಬಂದಿ ಬರೆದ ಪತ್ರದಲ್ಲಿ ಅಪ್ಪ–ಅಮ್ಮನಿಗೆ ಸಿಕ್ಕಿದ್ದು ಒಂದು ಸಾಲು. ಆ ಸಾಲನ್ನು ಹಿಡಿದುಕೊಂಡು ಯಾವ ಕಚೇರಿಗೆ ಹೋದರೂ ಅದರಿಂದ ಇಷ್ಟು ರೂಪಾಯಿ, ಇಂಥವನಿಂದ ಎಂದು ವಸೂಲಿ ಮಾಡುವ ಹಾಗಿರುವುದಿಲ್ಲ.

ಹಿಂದೆ ಈ ಸಾಲೂ ಬೇಕಿರಲಿಲ್ಲ. ಒಲೆ ಒಂದು, ಕಣಜ ಒಂದು, ಬೀಗದ ಕೈ ಯಜಮಾನನ ಸೊಂಟದಲ್ಲಿ. ಹತ್ತು ಜನಕ್ಕೆ ಮುದ್ದೆ ತೊಳಸುವ ಮನೆಯಲ್ಲಿ ಇಬ್ಬರು ಮುದುಕರ ಊಟ ಲೆಕ್ಕಕ್ಕೇ ಬರುತ್ತಿರಲಿಲ್ಲ. ಈಗ ಒಬ್ಬ ಮಗ ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿ, ಇನ್ನೊಬ್ಬ ತಾಲ್ಲೂಕು ಕೇಂದ್ರದಲ್ಲಿ, ಮಗಳು ಬೇರೆ ಜಿಲ್ಲೆಯಲ್ಲಿ. ಎರಡು ಕೋಣೆಯ ಮನೆಯಲ್ಲಿ ಇನ್ನಿಬ್ಬರಿಗೆ ಹಾಸಿಗೆ ಹಾಸುವುದೆಂದರೆ ಮಕ್ಕಳ ಓದುವ ಜಾಗ ಹೋಯಿತು ಎಂದೇ ಲೆಕ್ಕ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಇನ್ನೊಂದು ತಲೆಮಾರಿನಲ್ಲಿ ಗಂಡ–ಹೆಂಡತಿ ಇಬ್ಬರ ಮೇಲೆ ನಾಲ್ವರು ಹಿರಿಯರ ಜವಾಬ್ದಾರಿ ಬೀಳುವುದು ಮಾಮೂಲಾಗುತ್ತದೆ. ಪ್ರೀತಿ ಕಡಿಮೆಯಾಯಿತು ಎಂದು ನಾನು ಹೇಳಲಾರೆ. ನೋಡಿಕೊಳ್ಳುವ ಕೈಗಳು ಕಡಿಮೆಯಾದವು, ಜಾಗ ಕಡಿಮೆಯಾಯಿತು. ಆದ್ದರಿಂದ ಹಿಂದೆ ಮಾತಿನಲ್ಲಿ ನಡೆಯುತ್ತಿದ್ದದ್ದನ್ನು ಈಗ ಬರೆಯಬೇಕು.

ಬರೆಯದೆ ಬಿಟ್ಟಾಗ ನಡೆಯುವುದು ಸರದಿ. ತಿಂಗಳಿಗೊಬ್ಬರ ಮನೆ, ಇಲ್ಲವೇ ಮೂರು ತಿಂಗಳಿಗೊಬ್ಬರ ಮನೆ. ಇದಕ್ಕಿಂತ ಕೆಟ್ಟದ್ದು ಅಪ್ಪ ಒಬ್ಬನ ಮನೆಗೆ, ಅಮ್ಮ ಇನ್ನೊಬ್ಬನ ಮನೆಗೆ ಎಂದು ಹಂಚುವುದು. ಐವತ್ತು ವರ್ಷ ಒಟ್ಟಿಗೆ ಬಾಳಿದವರನ್ನು ಹೀಗೆ ಬೇರೆ ಮಾಡುವ ಒಪ್ಪಂದಕ್ಕೆ ಯಾವ ಪಂಚಾಯ್ತಿದಾರರೂ ತಲೆಯಾಡಿಸಬಾರದು. ಸರದಿಯಲ್ಲಿ ಮೊದಲು ಕೆಡುವುದು ಔಷಧಿ. ಒಂದು ಊರಿನ ಡಾಕ್ಟರು ರಕ್ತದೊತ್ತಡಕ್ಕೆ ಆಮ್ಲೋಡಿಪಿನ್ ಮಾತ್ರೆಯನ್ನು ಒಂದು ಕಂಪನಿಯ ಹೆಸರಿನಲ್ಲಿ ಬರೆದಿರುತ್ತಾರೆ, ಮುಂದಿನ ತಿಂಗಳು ಇನ್ನೊಂದು ಊರಿನ ಡಾಕ್ಟರು ಅದನ್ನೇ ಬೇರೆ ಹೆಸರಿನಲ್ಲಿ ಬರೆಯುತ್ತಾರೆ. ಮುದುಕರು ಎರಡನ್ನೂ ನುಂಗುತ್ತಾರೆ. ಕಾಲು ಊದಿಕೊಳ್ಳುತ್ತದೆ, ಬೆಳಗ್ಗೆ ಎದ್ದು ನಿಂತಾಗ ತಲೆ ಸುತ್ತಿ ಬಚ್ಚಲಲ್ಲಿ ಬೀಳುತ್ತಾರೆ, ಸೊಂಟದ ಮೂಳೆ ಮುರಿಯುತ್ತದೆ. ಸರದಿ ತಪ್ಪಿಸಲಾಗದಿದ್ದರೆ, ಒಂದು ಪ್ಲಾಸ್ಟಿಕ್ ಫೈಲು ಅವರ ಬ್ಯಾಗಿನಲ್ಲೇ ಊರಿಂದೂರಿಗೆ ಹೋಗಬೇಕು. ಮಾತ್ರೆಯ ಒಳಗಿನ ಔಷಧದ ಹೆಸರು ಮತ್ತು ಎಷ್ಟು ಮಿಲಿಗ್ರಾಂ, ಕೊನೆಯ ರಕ್ತಪರೀಕ್ಷೆ, ಆಧಾರ್ ಮತ್ತು ಪಡಿತರ ಚೀಟಿಯ ಪ್ರತಿ ಅದರಲ್ಲಿರಬೇಕು. ಡಾಕ್ಟರು ಮಾತ್ರ ಒಬ್ಬರೇ ಇರಲಿ, ಬೇರೆ ಊರಿನಲ್ಲಿದ್ದಾಗ ಫೋನಿನಲ್ಲಾದರೂ ಅವರನ್ನೇ ಕೇಳಿ.

ಪಡಿತರ ಚೀಟಿಯ ಮಾತು ಬಂತು. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಮನೆಯ ಹಿರಿಯ ಹೆಂಗಸೇ ಚೀಟಿಯ ಯಜಮಾನಿ. 2023ರ ಆಗಸ್ಟ್‌ನಲ್ಲಿ ಶುರುವಾದ ಗೃಹಲಕ್ಷ್ಮಿಯ 2,000 ರೂಪಾಯಿ ಬರುವುದೂ ಚೀಟಿಯಲ್ಲಿರುವ ಆ ಯಜಮಾನಿಯ ಖಾತೆಗೆ. ಎಷ್ಟೋ ಅತ್ತೆಯಂದಿರಿಗೆ ಜೀವನದಲ್ಲಿ ಮೊದಲ ಸಲ ಸ್ವಂತದ್ದು ಅನ್ನುವ ದುಡ್ಡು ಕಂಡದ್ದು ಆಗ. ಮನೆ ಪಾಲಾಗಿ ಚೀಟಿ ಬೇರೆ ಮಾಡಿಸುವಾಗ ಅತ್ತೆಯ ಹೆಸರನ್ನು ಯಾವ ಚೀಟಿಗೆ ಸೇರಿಸಿದರು, ಯಜಮಾನಿ ಎಂದು ಉಳಿಸಿದರೋ ಇಲ್ಲವೋ ನೋಡಿಕೊಳ್ಳಿ. ಹೆಸರು ಒಬ್ಬ ಮಗನ ಚೀಟಿಯಲ್ಲಿದ್ದು, ಊಟ ಇನ್ನೊಬ್ಬನ ಮನೆಯಲ್ಲಾದರೆ, ಆ ಅಕ್ಕಿಯ ವಿಷಯಕ್ಕೇ ವಾರಗಿತ್ತಿಯರ ನಡುವೆ ಮಾತು ನಿಲ್ಲುತ್ತದೆ.

ಈಗ ಪಾಲಿನ ಲೆಕ್ಕಕ್ಕೆ ಬರೋಣ. ಇದು ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಒಳಪಟ್ಟ ಮನೆಗಳ ಮಾತು. ಪಿತ್ರಾರ್ಜಿತ ಆಸ್ತಿಯಲ್ಲಿ ಅಪ್ಪನಿಗೆ, ಪ್ರತಿ ಮಗನಿಗೆ, ಪ್ರತಿ ಮಗಳಿಗೆ ಸಮಪಾಲು. ನಾಲ್ಕು ಎಕರೆ ಇದ್ದು, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳಿದ್ದರೆ ಅಪ್ಪನ ಪಾಲು ಒಂದು ಎಕರೆ. ಅದನ್ನು ಅವರಿಗೆ ಯಾರೂ ದಯೆಯಿಂದ ಕೊಡುತ್ತಿಲ್ಲ. ಆದರೂ ವಿಭಾಗ ಪತ್ರದಲ್ಲಿ ನಾಲ್ಕು ಎಕರೆಯನ್ನೂ ಇಬ್ಬರು ಗಂಡುಮಕ್ಕಳಿಗೆ ಎರಡೆರಡು ಎಕರೆ ಮಾಡಿ, ಮಗಳಿಂದ ಹಕ್ಕು ಬಿಡುಗಡೆಗೆ ಸಹಿ ಹಾಕಿಸಿ, ಅಪ್ಪನನ್ನು ಬರೀ ಒಪ್ಪಿಗೆ ಕೊಟ್ಟವರೆಂದು ಸೇರಿಸುವುದು ರೂಢಿ. ನೋಂದಣಿ ದಿನ ಅವರ ಹೆಬ್ಬೆಟ್ಟು ಸ್ಕ್ಯಾನರ್ ಮೇಲೆ ಇಡಿಸುತ್ತಾರೆ, ಬೆರಳಿನ ಗೆರೆ ಸವೆದಿದ್ದರೆ ಎರಡು ಮೂರು ಸಲ ಒತ್ತಿಸುತ್ತಾರೆ, ಫೋಟೊ ತೆಗೆಯುತ್ತಾರೆ. ಒಪ್ಪಿಗೆಯೇ ಎಂದು ಕೇಳಿದಾಗ ಮಕ್ಕಳು ಪಕ್ಕದಲ್ಲೇ ನಿಂತಿರುತ್ತಾರೆ. ಹೌದು ಅನ್ನದೆ ಇನ್ನೇನು ಅಂದಾರು?

ಹೆಣ್ಣುಮಕ್ಕಳ ವಿಷಯ ಚಿಕ್ಕದಾಗಿ ಹೇಳುತ್ತೇನೆ, ಅದರ ಬಗ್ಗೆ ಈಗ ಸಾಕಷ್ಟು ತಿಳಿವಳಿಕೆ ಬಂದಿದೆ. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯ್ದೆ ತಂದಿತ್ತು. 1994ರಲ್ಲಿ ಕರ್ನಾಟಕ, ಆವರೆಗೆ ಮದುವೆಯಾಗದ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಪಾಲು ಎಂದಿತು. 2005ರ ಸೆಪ್ಟೆಂಬರ್ 9ರ ಕೇಂದ್ರದ ತಿದ್ದುಪಡಿ ಮದುವೆಯಾದವರಿಗೂ ಅದನ್ನು ವಿಸ್ತರಿಸಿತು. ತಂದೆ ಆ ದಿನ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ಪತ್ರದಿಂದಲೋ ಕೋರ್ಟಿನ ಡಿಕ್ರಿಯಿಂದಲೋ ಪಾಲಾಗಿದ್ದರೆ ಅದು ಗಟ್ಟಿ. ಬಿಳಿ ಹಾಳೆಯ ಮೇಲೆ ಪಂಚಾಯ್ತಿದಾರರು ಬರೆದ ಪಾಲುಪಟ್ಟಿಗೆ, ಬಾಯಿಮಾತಿನ ಪಾಲಿಗೆ, ಸರ್ಕಾರಿ ದಾಖಲೆಯ ಗಟ್ಟಿ ಬೆಂಬಲವಿಲ್ಲದಿದ್ದರೆ ಬೆಲೆಯಿಲ್ಲ. ಅರಿಶಿನ ಕುಂಕುಮಕ್ಕೆ ಅಂತ ಐವತ್ತು ಸಾವಿರ ಕೊಟ್ಟು ಮಗಳ ಸಹಿ ಹಾಕಿಸಿಕೊಳ್ಳುವವರು ಒಂದನ್ನು ತಿಳಿದಿರಬೇಕು. 2007ರ ಪೋಷಕರು ಮತ್ತು ಹಿರಿಯ ನಾಗರಿಕರ ನಿರ್ವಹಣೆ ಹಾಗೂ ಕಲ್ಯಾಣ ಕಾಯ್ದೆಯಲ್ಲಿ "ಮಕ್ಕಳು" ಅಂದರೆ ಮಗ, ಮಗಳು, ವಯಸ್ಸಿಗೆ ಬಂದ ಮೊಮ್ಮಕ್ಕಳು ಎಲ್ಲರೂ. ಹೆತ್ತವರನ್ನು ಸಾಕುವ ಹೊಣೆ ಮಗಳ ಮೇಲೂ ಇದೆ. ಹೊಣೆಯಲ್ಲಿ ಪಾಲು ಇರುವಾಗ ಆಸ್ತಿಯಲ್ಲಿ ಪಾಲು ಇಲ್ಲ ಎನ್ನುವುದು ಯಾವ ನ್ಯಾಯ? ಅಂದಹಾಗೆ, ಆ ಕಾಯ್ದೆ ಎಲ್ಲ ಧರ್ಮದವರಿಗೂ ಒಂದೇ.

ನನ್ನ ಸಲಹೆ ಸರಳವಾದದ್ದು. ಎ ಷೆಡ್ಯೂಲ್ ಅಪ್ಪ–ಅಮ್ಮನದಾಗಲಿ. ಮಕ್ಕಳ ಷೆಡ್ಯೂಲುಗಳು ಬಿ ಇಂದ ಶುರುವಾಗಲಿ. ಅಪ್ಪನ ಪಾಲಿನ ಆ ಒಂದು ಎಕರೆ, ಈಗ ವಾಸವಿರುವ ಮನೆಯಲ್ಲಿ ಕನಿಷ್ಠ ಒಂದು ಕೋಣೆ, ಅಡುಗೆಮನೆ ಮತ್ತು ಬಚ್ಚಲು ಇಬ್ಬರ ಜಂಟಿ ಹೆಸರಿಗೆ ಬರಲಿ. ಜಂಟಿ ಎನ್ನುವುದು ಮುಖ್ಯ. ಅಪ್ಪ ತೀರಿಕೊಂಡ ಮಾರನೆಯ ವಾರವೇ ಅಮ್ಮ ವಾರಸುದಾರರ ಸಾಲಿನಲ್ಲಿ ನಿಲ್ಲುವಂತಾಗಬಾರದು. ಒಂದು ಎಕರೆ ಯಾವುದಿರಬೇಕು ಎಂಬುದರಲ್ಲಿ ಜಾಗ್ರತೆ ಇರಲಿ. ಮೂಲೆಯ ಕಲ್ಲುಭೂಮಿ ಬೇಡ, ಫಸಲು ಕೊಡುವ ತೋಟ ಬೇಕು. ನಮ್ಮ ಕಡೆ ಒಂದು ಎಕರೆಯಲ್ಲಿ 40 ತೆಂಗಿನ ಮರ ಅಂದುಕೊಳ್ಳಿ. ಮರಕ್ಕೆ ವರ್ಷಕ್ಕೆ 60 ಕಾಯಿ ಹಿಡಿದರೂ 2,400 ಕಾಯಿ, ತಿಂಗಳಿಗೆ 200. ಸಾಗುವಳಿ ಮಗನೇ ಮಾಡಲಿ, ಗೊಬ್ಬರ–ಕೂಲಿಯ ಖರ್ಚು ಕಳೆದುಕೊಳ್ಳಲಿ, ಉಳಿದದ್ದು ಅಪ್ಪ–ಅಮ್ಮನ ಜಂಟಿ ಬ್ಯಾಂಕ್ ಖಾತೆಗೆ ಬರಲಿ. ಮಾತ್ರೆಗೆ, ಮೊಮ್ಮಗುವಿನ ಕೈಗೆ ನೂರು ರೂಪಾಯಿ ಇಡಲಿಕ್ಕೆ, ಜಾತ್ರೆಗೆ ಹೋಗಲಿಕ್ಕೆ ಯಾರ ಮುಂದೆಯೂ ಕೈ ಚಾಚಬೇಕಿಲ್ಲ. ಪಹಣಿಯಲ್ಲಿ ಹೆಸರು ಉಳಿದರೆ ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿಯೂ ಉಳಿಯುತ್ತದೆ. ಹೆಸರು ತೆಗೆಸಿದ ಮೇಲೆ ಕಂತು ನಿಂತಿತಲ್ಲ ಎಂದು ಅಲೆಯುವವರಿಗೆ ಕಾರಣ ಇದೇ ಎಂದು ಗೊತ್ತಿರುವುದಿಲ್ಲ.

ಸರ್ವೆ ನಂಬರಿನ ಒಂದು ಭಾಗವನ್ನು ಹೀಗೆ ಬೇರೆ ಮಾಡುವುದಾದರೆ ಮೊದಲು ಸರ್ವೆ ಇಲಾಖೆಯ ಮೋಜಿಣಿ ವ್ಯವಸ್ಥೆಯಲ್ಲಿ ಅರ್ಜಿ ಹಾಕಿ, ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ ಮಾಡಿಸಿ. ಸರ್ವೆಯರ್ ಬಂದ ದಿನ ಎಲ್ಲ ಪಾಲುದಾರರೂ ಹೊಲದಲ್ಲಿರಿ. ನಕ್ಷೆಯಲ್ಲಿ ಮೂರು ಸಂಗತಿ ನೋಡಿ: ಅಪ್ಪನ ಭಾಗಕ್ಕೆ ಗಾಡಿ ಹೋಗುವ ದಾರಿ, ಬೋರ್‌ವೆಲ್‌ಗೆ ತಲುಪುವ ಪೈಪಿನ ಜಾಗ, ಬದುವಿನ ಮರ ಯಾರದು. ಬೋರ್‌ವೆಲ್ ಒಬ್ಬ ಮಗನ ಭಾಗದಲ್ಲಿ ಬಂದರೆ, ವಾರದಲ್ಲಿ ಎಷ್ಟು ದಿನ ನೀರು ಎ ಷೆಡ್ಯೂಲಿಗೆ ಎಂದು ಪತ್ರದಲ್ಲೇ ಬರೆಯಿರಿ. ಮೋಟಾರ್ ಸುಟ್ಟರೆ ರಿಪೇರಿ ಖರ್ಚು ಯಾರು ಯಾರು ಎಷ್ಟು ಎಂಬುದೂ ಇರಲಿ, ಪ್ರತಿ ಬೇಸಿಗೆಯಲ್ಲಿ ಜಗಳ ಹುಟ್ಟುವುದು ಅಲ್ಲೇ. ನೋಂದಣಿಯಾದ ಮೇಲೆ ಮ್ಯುಟೇಷನ್ (ಖಾತೆ ಬದಲಾವಣೆ) ಆಗಿ ಹೊಸ ಪಹಣಿ ಕೈಗೆ ಬರುವವರೆಗೆ ಬೆನ್ನು ಬಿಡಬೇಡಿ.

ಮುಂದೆ ಆ ಪಾಲು ಯಾರಿಗೆ ಎಂಬ ಪ್ರಶ್ನೆ ಮಕ್ಕಳ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಅದಕ್ಕೆ ಉಯಿಲು ಇದೆ. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿದರೆ ಸಾಕು, ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಸಾಕ್ಷಿಗಳು ಆಸ್ತಿ ಪಡೆಯುವವರಾಗಿರಬಾರದು, ಬರೆದವರಿಗಿಂತ ಚಿಕ್ಕ ವಯಸ್ಸಿನವರಾಗಿದ್ದರೆ ಮುಂದೆ ಕೋರ್ಟಿನಲ್ಲಿ ಸಾಕ್ಷಿ ಹೇಳಲು ಸಿಗುತ್ತಾರೆ. ಉಯಿಲಿನ ದೊಡ್ಡ ಗುಣವೆಂದರೆ ಬದುಕಿರುವವರೆಗೆ ಎಷ್ಟು ಸಲ ಬೇಕಾದರೂ ಬದಲಿಸಬಹುದು. ದಾನ ಪತ್ರ ಹಾಗಲ್ಲ. ನೋಂದಣಿಯಾದ ದಾನ ಪತ್ರವನ್ನು ಮನಸ್ಸು ಬದಲಾಯಿತೆಂದು ಕೊಟ್ಟವರೊಬ್ಬರೇ ಹೋಗಿ ರದ್ದು ಮಾಡಲಾಗದು.

ಆದರೂ ದಾನ ಪತ್ರವನ್ನೇ ಮಾಡಬೇಕಾದ ಸಂದರ್ಭಗಳಿರುತ್ತವೆ. ಆಗ ಗಮನ ಕೊಡಬೇಕಾದ ಜಾಗ ಒಂದೇ. ಟೈಪ್ ಸೆಂಟರಿನ ಕಂಪ್ಯೂಟರಿನಲ್ಲಿ ಮೊದಲೇ ಇರುವ ನಮೂನೆಯಲ್ಲಿ "ನಿಮ್ಮ ಮೇಲಿನ ಪ್ರೀತಿ ವಿಶ್ವಾಸದಿಂದ, ಯಾವುದೇ ಷರತ್ತಿಲ್ಲದೆ" ಎಂದಿರುತ್ತದೆ. ಈ "ಷರತ್ತಿಲ್ಲದೆ" ಎಂಬ ಒಂದು ಪದ ಹಿರಿಯರ ಕೈ ಕಟ್ಟಿಹಾಕುತ್ತದೆ. 2007ರ ಕಾಯ್ದೆಯ 23ನೇ ಕಲಮಿನ ಪ್ರಕಾರ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಪಡೆದವರು ನೋಡಿಕೊಳ್ಳದಿದ್ದರೆ ಆ ವರ್ಗಾವಣೆ ಮೋಸದಿಂದ ಅಥವಾ ಒತ್ತಡದಿಂದ ಆದದ್ದೆಂದು ಭಾವಿಸಿ ನ್ಯಾಯಮಂಡಳಿ ರದ್ದು ಮಾಡಬಹುದು. ಷರತ್ತು ಇತ್ತೆಂದು ತೋರಿಸಲೇಬೇಕು ಎಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರ್‌ನಲ್ಲಿ ಸುದೇಶ್ ಛಿಕಾರಾ ಪ್ರಕರಣದಲ್ಲಿ ಹೇಳಿತು. 2025ರ ಜನವರಿಯಲ್ಲಿ ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ ಅದೇ ಕೋರ್ಟ್ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕೆಂದು ತಾಯಿಗೆ ಆಸ್ತಿ ವಾಪಸ್ ಕೊಡಿಸಿತು. ಆ ತಾಯಿಯ ಬಳಿ, ಕೊನೆಯವರೆಗೆ ನೋಡಿಕೊಳ್ಳುತ್ತೇನೆಂದು ಮಗ ಬರೆದುಕೊಟ್ಟ ಕಾಗದವಿತ್ತು. ಕೋರ್ಟಿನ ಉದಾರತೆಯನ್ನು ನೆಚ್ಚಿ ಕೂರುವ ಬದಲು ಪತ್ರದಲ್ಲೇ ಹೀಗೆ ಬರೆಸಿ:

"ದಾನ ಪಡೆದವರು ದಾನ ಕೊಟ್ಟವರಿಗೂ ಅವರ ಪತ್ನಿಗೂ ಜೀವಿತಾವಧಿಯವರೆಗೆ ಊಟ, ಬಟ್ಟೆ, ಷೆಡ್ಯೂಲ್ ಮನೆಯಲ್ಲಿ ವಾಸ ಮತ್ತು ವೈದ್ಯಕೀಯ ಆರೈಕೆಯನ್ನು ಒದಗಿಸತಕ್ಕದ್ದು. ಇದು ಈ ದಾನದ ಷರತ್ತಾಗಿರುತ್ತದೆ. ತಪ್ಪಿದಲ್ಲಿ 2007ರ ಪೋಷಕರು ಮತ್ತು ಹಿರಿಯ ನಾಗರಿಕರ ನಿರ್ವಹಣೆ ಹಾಗೂ ಕಲ್ಯಾಣ ಕಾಯ್ದೆಯ 23ನೇ ಕಲಮಿನಂತೆ ಈ ಪತ್ರವನ್ನು ರದ್ದುಪಡಿಸಿಕೊಳ್ಳಲು ದಾನ ಕೊಟ್ಟವರು ಹಕ್ಕುಳ್ಳವರಾಗಿರುತ್ತಾರೆ."

ಈ ನಾಲ್ಕು ಸಾಲಿಗೆ ಮಕ್ಕಳು ಆಕ್ಷೇಪಿಸುವುದುಂಟು. ಷರತ್ತಿರುವ ಪತ್ರದ ಮೇಲೆ ಬ್ಯಾಂಕಿನವರು ಸಾಲ ಕೊಡಲು ಹಿಂದೇಟು ಹಾಕುತ್ತಾರೆ, ಮಾರಲು ಹೋದರೆ ಕೊಳ್ಳುವವರ ವಕೀಲರು ತಡೆಯುತ್ತಾರೆ ಎನ್ನುತ್ತಾರೆ. ಹೌದು, ಅದು ನಿಜ, ಹಿರಿಯರು ಬದುಕಿರುವವರೆಗೆ ಆ ತಡೆ ಇರಬೇಕಾದದ್ದೇ. ಮಗನಿಗೆ ಮನೆ ಕಟ್ಟಲು ಸಾಲ ಬೇಕಿದ್ದರೆ ಅವನ ಬಿ ಷೆಡ್ಯೂಲ್ ಇದೆಯಲ್ಲ. ಇನ್ನೊಂದು ಸೂಕ್ಷ್ಮವೂ ಇದೆ. ಕಾಯ್ದೆ ಹೇಳುವುದು ದಾನ ಅಥವಾ ಬೇರೆ ರೀತಿಯ ವರ್ಗಾವಣೆಯ ಬಗ್ಗೆ. ವಿಭಾಗವೆಂದರೆ ಇದ್ದ ಹಕ್ಕನ್ನೇ ಬೇರ್ಪಡಿಸುವುದು, ವರ್ಗಾವಣೆಯಲ್ಲ ಎಂದು ಎದುರು ಪಕ್ಷದವರು ವಾದಿಸಬಹುದು. ಅಪ್ಪನ ಪಾಲನ್ನು ವಿಭಾಗ ಪತ್ರದಲ್ಲೇ ಮಗನ ಷೆಡ್ಯೂಲಿಗೆ ಸೇರಿಸಿಬಿಡುವುದರ ಅಪಾಯ ಇದು. ಮೊದಲು ಎ ಷೆಡ್ಯೂಲ್ ಮಾಡಿ. ಕೊಡಲೇಬೇಕಿದ್ದರೆ ಆಮೇಲೆ ಬೇರೆ ಪತ್ರದಲ್ಲಿ ಷರತ್ತಿನೊಂದಿಗೆ ಕೊಡಿ.

ವಿದೇಶದಲ್ಲಿರುವ ಮಕ್ಕಳು ನೋಂದಣಿಗೆ ಬರಲಾಗದಿದ್ದರೆ ಮುಖ್ತ್ಯಾರ ಪತ್ರ (ಪವರ್ ಆಫ್ ಅಟಾರ್ನಿ) ಕಳಿಸುತ್ತಾರೆ. ಅದನ್ನು ಅಲ್ಲಿಯ ಭಾರತೀಯ ದೂತಾವಾಸದಲ್ಲೋ ನೋಟರಿಯ ಮುಂದೆಯೋ ದೃಢೀಕರಿಸಿರಬೇಕು, ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಲಕೋಟೆಯನ್ನೂ ಜೋಪಾನ ಮಾಡಿ, ತಲುಪಿದ ದಿನಾಂಕಕ್ಕೆ ಅದೇ ಆಧಾರ.

ಇಷ್ಟೆಲ್ಲ ಲೆಕ್ಕದಲ್ಲಿ ಎಲ್ಲೂ ಹೆಸರಿಲ್ಲದವಳು ಸೊಸೆ. ಮಲಗಿದಲ್ಲೇ ಇರುವ ಮಾವನಿಗೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಬೆನ್ನುಹುಣ್ಣು ಆಗದಂತೆ ನೋಡುವವಳು, ಗಂಜಿ ಕುಡಿಸುವವಳು, ಬಟ್ಟೆ ಬದಲಿಸುವವಳು ಅವಳು. ಇದಕ್ಕಾಗಿಯೇ ಕೆಲಸ ಬಿಟ್ಟವರೂ ಇದ್ದಾರೆ. ಕಾಯ್ದೆಯ "ಮಕ್ಕಳು" ಎಂಬ ಪದದಲ್ಲಿ ಸೊಸೆ ಇಲ್ಲ, ವಿಭಾಗ ಪತ್ರದ ಪಾರ್ಟಿಗಳಲ್ಲಿ ಸೊಸೆ ಇಲ್ಲ. ನೋಡಿಕೊಳ್ಳುವ ಸೊಸೆಗೆ ಎ ಷೆಡ್ಯೂಲಿನಲ್ಲಿ ಒಂದು ಭಾಗವನ್ನು ಉಯಿಲಿನ ಮೂಲಕ ಅವಳದೇ ಹೆಸರಿಗೆ ಬರೆಯಿರಿ. ಗಂಡನ ಹೆಸರಿಗೆ ಬರೆದರೆ ಅವಳಿಗೆ ಬರೆದಂತಾಗುವುದಿಲ್ಲ. ದೂರದಲ್ಲಿರುವ ಮಕ್ಕಳು ತಿಂಗಳಿಗೆ ಇಷ್ಟು ಎಂದು ಕಳಿಸುವುದಾದರೆ ಅದು ಅಣ್ಣನ ಖಾತೆಯ ಬದಲು ಅತ್ತಿಗೆಯ ಖಾತೆಗೆ ಹೋಗಲಿ.

ಈಗಾಗಲೇ ಬರೆದುಕೊಟ್ಟು ಕೈ ಸುಟ್ಟುಕೊಂಡವರಿಗೆ ದಾರಿ ಪೂರ್ತಿ ಮುಚ್ಚಿಲ್ಲ. ನಿರ್ವಹಣಾ ನ್ಯಾಯಮಂಡಳಿ ಇರುವುದು ಉಪವಿಭಾಗಾಧಿಕಾರಿಗಳ ಕಚೇರಿಯಲ್ಲಿ. ಬಿಳಿ ಹಾಳೆಯ ಮೇಲೆ ಅರ್ಜಿ ಬರೆದು, ವಯಸ್ಸಿನ ದಾಖಲೆ, ಪತ್ರದ ಪ್ರತಿ, ಔಷಧಿ ಬಿಲ್ಲು, ಪ್ರತಿ ಮಗ–ಮಗಳ ಪೂರ್ತಿ ವಿಳಾಸ ಲಗತ್ತಿಸಿ. ವಿಳಾಸ ತಪ್ಪಿದ್ದರೆ ನೋಟಿಸ್ ವಾಪಸ್ ಬಂದು ತಿಂಗಳುಗಟ್ಟಲೆ ಹೋಗುತ್ತದೆ. ಅರ್ಜಿ ಬರೆಯಲಾಗದವರ ಪರವಾಗಿ ಬೇರೆಯವರು ಅಥವಾ ಸಂಸ್ಥೆಯವರು ಕೊಡಬಹುದು. ನೋಟಿಸ್ ತಲುಪಿದ 90 ದಿನದಲ್ಲಿ ತೀರ್ಮಾನವಾಗಬೇಕು, ವಿಶೇಷ ಕಾರಣವಿದ್ದರೆ ಇನ್ನು 30 ದಿನ. ತಿಂಗಳಿಗೆ ಗರಿಷ್ಠ 10,000 ರೂಪಾಯಿವರೆಗೆ ನಿರ್ವಹಣೆ ಕೊಡಿಸಬಹುದು. ಒಪ್ಪಿಗೆಯಾಗದಿದ್ದರೆ 60 ದಿನದೊಳಗೆ ಮೇಲ್ಮನವಿ. ಎಲ್ಲಿಂದ ಶುರು ಮಾಡಬೇಕೆಂದೇ ತಿಳಿಯದವರು ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಲಿ, ಅಥವಾ ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಯ ಕೋಣೆಗೆ ಹೋಗಲಿ.

ಕೊನೆಯದಾಗಿ ನೋಂದಣಿ ಇಲಾಖೆಗೆ ಒಂದು ವಿನಂತಿ, ತಮ್ಮ ಪತ್ರಿಕೆಯ ಮೂಲಕ. ಅರುವತ್ತು ದಾಟಿದವರು ದಾನ ಪತ್ರವನ್ನೋ ಹಕ್ಕು ಬಿಡುಗಡೆ ಪತ್ರವನ್ನೋ ವಿಭಾಗ ಪತ್ರವನ್ನೋ ನೋಂದಾಯಿಸುವಾಗ ಕಾವೇರಿ ತಂತ್ರಾಂಶದಲ್ಲಿ ಎರಡು ಪ್ರಶ್ನೆಗಳು ಕಡ್ಡಾಯವಾಗಿ ಬರುವಂತೆ ಮಾಡಲಿ: ನಿಮ್ಮ ಹೆಸರಿನಲ್ಲಿ ಏನು ಉಳಿಯಿತು? ನಿರ್ವಹಣೆಯ ಷರತ್ತು ಪತ್ರದಲ್ಲಿ ಇದೆಯೇ? ಇದಕ್ಕೆ ಹೊಸ ಕಾಯ್ದೆ ಬೇಡ, ಒಂದು ಸುತ್ತೋಲೆ ಸಾಕು. ಆ ಪ್ರಶ್ನೆಗಳನ್ನು ಉಪನೋಂದಣಾಧಿಕಾರಿಗಳು ಮಕ್ಕಳನ್ನು ಹೊರಗೆ ಕಳಿಸಿ, ಹಿರಿಯರಿಗೆ ಕುರ್ಚಿ ಕೊಟ್ಟು ಕೂರಿಸಿ, ಕನ್ನಡದಲ್ಲಿ ಕೇಳಲಿ.

ಇತಿ ತಮ್ಮ ಓದುಗ,
ದಸ್ತಾವೇಜು ಬರಹಗಾರ,
ತುಮಕೂರು ಜಿಲ್ಲೆ